ಬಗಲಚೀಲದಲ್ಲಿ ಕ್ಯಾಮೆರಾ

ಬೀದಿ ಛಾಯಾಗ್ರಹಣದ ಹವ್ಯಾಸ ಹಚ್ಚಿಕೊಂಡವರು ಒಂದೆಡೆ ಸೇರಿದರೆ ಕ್ಯಾಮೆರಾದ ಬಗ್ಗೆ ಎಷ್ಟು ಮಾತಾಡುತ್ತಾರೋ ಅದನ್ನು ಹೊರುವ ಚೀಲದ ಬಗ್ಗೆಯೂ ಅಷ್ಟೇ ಮಾತಾಡುತ್ತಾರೆ. ಕೇಳುವವರಿಗೆ ಇದು ತಮಾಷೆಯಾಗಿ ಕಾಣಬಹುದು. ಚೀಲವೆಂದರೆ ಚೀಲ, ಅದರಲ್ಲೇನು ತತ್ವವಿಚಾರ ಎಂದು ಅನಿಸಬಹುದು. ಆದರೆ ಅಪರಿಚಿತರ ನಡುವೆ ನಾವು ಹೇಗೆ ಕಾಣಿಸಿಕೊಳ್ಳುತ್ತೇವೆ, ಅಥವಾ ಕಾಣಿಸಿಕೊಳ್ಳದೆ ಉಳಿಯುತ್ತೇವೆ ಎಂಬುದನ್ನು ಕ್ಯಾಮೆರಾಕ್ಕಿಂತ ಮೊದಲು ತೀರ್ಮಾನಿಸುವುದು ಈ ಚೀಲವೇ. ಹಾಗಾಗಿ ಇದನ್ನು ಅಂಗಡಿಯವನ ಸಲಹೆಗೆ ಬಿಟ್ಟು ಸುಮ್ಮನಿರಲು ಆಗುವುದಿಲ್ಲ.

ಮೊದಲು ಲೌಕಿಕದ ಮಾತು ಮುಗಿಸೋಣ. ಹುಕ್ಕೇರಿ ತಾಲೂಕಿನ ಕಣಗಲಾವನ್ನೇ ತೆಗೆದುಕೊಳ್ಳಿ. ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆ ಹೋಗುವಾಗ, ತವಂದಿ ಘಾಟಿಗೆ ಮುಂಚೆ ಸಿಗುವ ಊರು. ಒಂದು ಬದಿ ಲಾರಿಗಳ ಗದ್ದಲ, ಇನ್ನೊಂದು ಬದಿ ಕಬ್ಬಿನ ಹೊಲ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುವ, ನಡುವೆ ದಖ್ಖನಿಯೂ ಇಣುಕುವ ಸೀಮೆ. ಮಳೆಗಾಲದಲ್ಲಿ ಪಶ್ಚಿಮದ ಕಡೆಯಿಂದ ಬರುವ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು. ಇಂಥಲ್ಲಿ ಓಡಾಡುವವರ ಚೀಲಕ್ಕೆ ನೀರು ಇಳಿಯದ ದಪ್ಪ ಕ್ಯಾನ್ವಾಸ್ ಬಟ್ಟೆ ಬೇಕು, ಮೇಲೊಂದು ಅಗಲವಾದ ಮುಚ್ಚಳ ಬೇಕು. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಒಳಗೆ ಸಿಲಿಕಾ ಜೆಲ್‌ನ ಪೊಟ್ಟಣಗಳಿರಬೇಕು. ಬೆನ್ನಿಗೆ ಹಾಕುವ ಚೀಲ ತುಂಬಿದ ಟಂಟಂನಲ್ಲಿ ಪಕ್ಕದವರ ಮುಖಕ್ಕೆ ಬಡಿಯುತ್ತದೆ, ಬಸ್ಸಿನಲ್ಲಿ ನಿಂತರೆ ಹಿಂದಿನವರ ಬೈಗಳಕ್ಕೆ ಗುರಿಯಾಗುತ್ತದೆ. ಆದ್ದರಿಂದ ಬಗಲಿಗೆ ಹಾಕುವ ಚೀಲವೇ ಲೇಸು. ಒಂದು ಕ್ಯಾಮೆರಾ, ಒಂದು ಲೆನ್ಸ್, ಬಿಡಿ ಬ್ಯಾಟರಿ, ಒಂದು ಕರವಸ್ತ್ರ. ಇದಕ್ಕಿಂತ ಹೆಚ್ಚು ಹಿಡಿಸುವ ಚೀಲ ಕೊಂಡರೆ ಹೆಚ್ಚು ಸಾಮಾನು ತುಂಬುತ್ತೇವೆ, ಸಂಜೆಯ ಹೊತ್ತಿಗೆ ಹೆಗಲು ಕಳಚಿ ಬರುತ್ತದೆ. ಮುಚ್ಚಳಕ್ಕೆ ಪರ್ರ್ ಎಂದು ಕಿತ್ತು ಬರುವ ವೆಲ್ಕ್ರೋ ಪಟ್ಟಿ ಇರಬಾರದು ಎನ್ನುವವರೂ ಇದ್ದಾರೆ. ಆ ಸದ್ದಿಗೆ ಬೀದಿಯೆಲ್ಲ ತಿರುಗಿ ನೋಡುತ್ತದಂತೆ.

ಇಲ್ಲಿಂದಲೇ ನಮ್ಮ ಪ್ರಶ್ನೆ ಹುಟ್ಟುವುದು. ಬೀದಿ ತಿರುಗಿ ನೋಡಿದರೆ ಏನಾಯಿತು?

ಕ್ಯಾಮೆರಾ ಚೀಲದಂತೆ ಕಾಣದ ಚೀಲವೇ ಒಳ್ಳೆಯ ಕ್ಯಾಮೆರಾ ಚೀಲ ಎಂಬುದು ಈ ಹವ್ಯಾಸದ ಮೊದಲ ಪಾಠ. ಕಂಪನಿಯ ಹೆಸರು ಮುದ್ರಿಸಿದ ಪಟ್ಟಿ ಬೇಡ, ಹೊಳೆಯುವ ಕಪ್ಪು ನೈಲಾನ್ ಬೇಡ, ತರಕಾರಿ ತರುವ ಚೀಲದೊಳಗೆ ಮೆತ್ತನೆಯ ಒಳಪೆಟ್ಟಿಗೆ ಇಟ್ಟುಕೊಳ್ಳಿ ಎನ್ನುತ್ತಾರೆ. ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪನಿ 1970ರ ದಶಕದಲ್ಲಿ ಹೊಲಿಯುತ್ತಿದ್ದುದು ಮೀನು ಹಿಡಿಯುವವರ ಚೀಲಗಳನ್ನು. ಅವನ್ನು ಛಾಯಾಗ್ರಾಹಕರು ಕೊಂಡು ಕ್ಯಾಮೆರಾ ಇಡುತ್ತಿದ್ದಾರೆಂದು ತಿಳಿದ ಮೇಲೆ ಅದು ಕ್ಯಾಮೆರಾ ಚೀಲದ ಕಂಪನಿಯಾಯಿತು. ಅದೇ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡೊಮ್ಕೆ ಪೆಟ್ಟಿಗೆಯಂಥ ಬಿಗಿ ಚೀಲಗಳಿಂದ ಬೇಸತ್ತು ಮೆತ್ತಗಿನ ಕ್ಯಾನ್ವಾಸ್ ಚೀಲವೊಂದನ್ನು ತಾನೇ ರೂಪಿಸಿದ. ಫ್ರಾನ್ಸಿನ ಕಾರ್ಟಿಯೆ-ಬ್ರೆಸೋನ್ ತನ್ನ ಲೈಕಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿಕೊಂಡು ತಿರುಗಿದ. ಎಲ್ಲರಿಗಿಂತ ಮುಂದೆ ಹೋದವನು ವಾಕರ್ ಇವಾನ್ಸ್. 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಅವನು ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿ, ಗುಂಡಿಗಳ ಸಂದಿನಿಂದ ಲೆನ್ಸ್ ಇಣುಕಿಸಿ, ತೋಳಿನೊಳಗೆ ಇಳಿಬಿಟ್ಟ ತಂತಿಯಿಂದ ಗುಂಡಿಯೊತ್ತಿ ಎದುರಿಗೆ ಕೂತವರ ಚಿತ್ರ ತೆಗೆದ. ಕೋಟೇ ಅವನ ಚೀಲ. ಗಮನಿಸಬೇಕಾದ್ದೇನೆಂದರೆ, ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. ತೆಗೆಯುವಾಗ ಕೇಳದವನು ಪುಸ್ತಕ ಮಾಡುವ ಮುಂಚೆ ಕಾಲು ಶತಮಾನ ತಡೆದ.

ಮರೆಮಾಚುವುದಕ್ಕೆ ಎರಡು ಕಾರಣ ಕೊಡುತ್ತಾರೆ. ಒಂದು ಕಳ್ಳರ ಭಯ. ಅದರ ಬಗ್ಗೆ ತಕರಾರಿಲ್ಲ. ಎರಡನೆಯದು, ಜನ ಎಚ್ಚರಗೊಳ್ಳಬಾರದು ಎಂಬುದು. ಮೊದಲನೆಯದರಲ್ಲಿ ನಾವು ಕಳ್ಳನಿಂದ ನಮ್ಮ ವಸ್ತುವನ್ನು ಕಾಯುತ್ತೇವೆ. ಎರಡನೆಯದರಲ್ಲಿ ಯಾರಿಂದ ಏನನ್ನು ಕಾಯುತ್ತಿದ್ದೇವೆ? ಚಹಾದಂಗಡಿಯ ಬಾಕಿನ ಮೇಲೆ ತನ್ನಷ್ಟಕ್ಕೆ ಕೂತ ಮುದುಕನಿಂದಲೇ? ನಮ್ಮ ಭಾಷೆಯೇ ಇಲ್ಲಿ ಬಾಯಿಬಿಡುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಚಿತ್ರವನ್ನು ಕ್ಯಾಮೆರಾದಲ್ಲಿ 'ಸೆರೆಹಿಡಿಯುತ್ತಾರೆ', ಹಳ್ಳಿಯ ಬಾಯಲ್ಲಿ ಫೋಟೊ 'ಹೊಡೆಯುತ್ತಾರೆ', ಉಳಿದವರು 'ತೆಗೆಯುತ್ತಾರೆ'. ಸೆರೆ, ಹೊಡೆತ, ಕಿತ್ತುಕೊಳ್ಳುವಿಕೆ. ಮೀನಿನ ಚೀಲದಿಂದ ಕ್ಯಾಮೆರಾ ಚೀಲ ಹುಟ್ಟಿದ್ದು ಆಕಸ್ಮಿಕವಾದರೂ ಅರ್ಥವಿಲ್ಲದ ಆಕಸ್ಮಿಕವಲ್ಲ.

ಮುಚ್ಚಿಡುವುದೆಲ್ಲ ಮೋಸವಲ್ಲ ಎಂಬುದನ್ನೂ ಹೇಳಬೇಕು. ಕಣಗಲಾದಲ್ಲಿ 1985ರಿಂದ ಕೇಂದ್ರ ಸರಕಾರದ ಹಿಂದೂಸ್ತಾನ್ ಲೇಟೆಕ್ಸ್ ಕಾರ್ಖಾನೆಯಿದೆ. ಕಂಪನಿಯ ಈಗಿನ ಹೆಸರು ಎಚ್‌ಎಲ್‌ಎಲ್ ಲೈಫ್‌ಕೇರ್. ಕುಟುಂಬ ಯೋಜನೆಯ ಸಾಧನಗಳಿಗೆ ಹೆಸರಾದ ಕಂಪನಿ. ಆ ಸರಕನ್ನು ಔಷಧಿ ಅಂಗಡಿಯವರು ಇವತ್ತಿಗೂ ಕಾಗದ ಸುತ್ತಿಯೇ ಕೈಗಿಡುತ್ತಾರೆ. ಕೊಳ್ಳುವವನ ಹಯಾ, ಅಂದರೆ ಲಜ್ಜೆ, ಉಳಿಯಲೆಂದು ಮಾಡುವ ಮರೆ ಅದು. ಎದುರಿನವರ ಮಾನಕ್ಕಾಗಿ ಮಾಡುವ ಮರೆಯೇ ಬೇರೆ, ಎದುರಿನವರ ಎಚ್ಚರ ತಪ್ಪಿಸಲು ಮಾಡುವ ಮರೆಯೇ ಬೇರೆ. ಚೀಲ ಒಂದೇ ಇರಬಹುದು, ನಿಯ್ಯತ್ ಒಂದೇ ಅಲ್ಲ.

ಮುಸ್ಲಿಮರ ನಡುವೆ ಫೋಟೊದ ಚರ್ಚೆ ಬಂದಾಗಲೆಲ್ಲ ಅದು ಚಿತ್ರ ಜಾಯಿಜೋ ನಾಜಾಯಿಜೋ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ನೂರು ವರ್ಷಗಳ ಹಿಂದೆಯೇ ಫೋಟೊ ಎಂದರೆ ಹೊಸ ಸೃಷ್ಟಿಯಲ್ಲ, ಇರುವುದರ ನೆರಳನ್ನು ಹಿಡಿದಿಡುವುದಷ್ಟೇ ಎಂದು ವಾದಿಸಿದ್ದರು. ಉಪಖಂಡದ ಹಲವು ಉಲಮಾಗಳು ಇದನ್ನು ಒಪ್ಪಲಿಲ್ಲ. ಆ ವಾದ ಅವರವರಿಗೆ ಇರಲಿ. ನಮಗೆ ಅನಿಸುವುದು, ಚಿತ್ರದ ಬಗ್ಗೆ ಇಷ್ಟು ಜಗಳವಾಡಿದವರು ನೋಟದ ಬಗ್ಗೆ ಕುರ್‌ಆನ್ ಹೇಳಿದ್ದನ್ನು ಕ್ಯಾಮೆರಾಕ್ಕೆ ಅನ್ವಯಿಸುವ ಗೋಜಿಗೆ ಹೋಗಲಿಲ್ಲ ಎಂದು. ಅನ್ಯರ ಮನೆಗೆ ಸಲಾಂ ಹೇಳಿ ಅನುಮತಿ ಪಡೆಯದೆ ಕಾಲಿಡಬಾರದೆಂದು ಸೂರಾ ಅನ್ನೂರ್ ಕಲಿಸುತ್ತದೆ. ದೃಷ್ಟಿ ತಗ್ಗಿಸಬೇಕೆಂಬ ಆದೇಶ ಅಲ್ಲಿ ಮೊದಲು ಬರುವುದು ಗಂಡಸರಿಗೆ, ಹೆಂಗಸರಿಗೆ ಆಮೇಲೆ. ಸೂರಾ ಅಲ್ ಹುಜುರಾತ್ ಇನ್ನೊಬ್ಬರ ಗುಟ್ಟನ್ನು ಕೆದಕುವ ಗೂಢಚಾರಿಕೆಯನ್ನು ನಿಷೇಧಿಸುತ್ತದೆ. ಬೀದಿ ಮನೆಯಲ್ಲ, ನಿಜ. ಆದರೆ ಹೆದ್ದಾರಿ ಬದಿಯ ಗುಡಿಸಲಿನವರಿಗೆ ಬೀದಿಯೇ ಅಂಗಳ, ಬೀದಿಯೇ ಅಡುಗೆಮನೆ. ಕಬ್ಬು ಕಡಿಯಲು ಮರಾಠವಾಡಾದ ಕಡೆಯಿಂದ ಬಂದು ಹೊಲದ ಬದಿ ಗುಡಿಸಲು ಹಾಕುವವರು ಸ್ನಾನ ಮಾಡುವುದೂ ಬಯಲಿನಲ್ಲೇ. ಗೋಡೆ ಕಟ್ಟಿಕೊಳ್ಳಲು ದುಡ್ಡಿಲ್ಲದವರ ಖಾಸಗಿತನ ನೋಡುವವರ ಮರ್ಯಾದೆಯ ಮೇಲೆ ನಿಂತಿದೆ.

ಕಾನೂನು ಇಲ್ಲಿ ನಮಗೆ ಹೆಚ್ಚು ನೆರವಾಗುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಬೀದಿಯಲ್ಲಿ ಕಂಡವರ ಫೋಟೊ ತೆಗೆಯಬಾರದೆಂಬ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಅಮೆರಿಕದ ಫಿಲಿಪ್-ಲೋರ್ಕಾ ಡಿಕೋರ್ಸಿಯಾ 1999ರಿಂದ 2001ರ ನಡುವೆ ಟೈಮ್ಸ್ ಸ್ಕ್ವೇರ್‌ನಲ್ಲಿ ಹಾದುಹೋಗುವವರ ಮುಖಗಳನ್ನು ಅವರಿಗೆ ಗೊತ್ತಾಗದಂತೆ ಚಿತ್ರಿಸಿ ಪ್ರದರ್ಶಿಸಿದ. ಅವರಲ್ಲಿ ಸಂಪ್ರದಾಯಸ್ಥ ಯಹೂದಿ ಮುದುಕರೊಬ್ಬರಿದ್ದರು. ಮೂರ್ತಿಯನ್ನು ಮಾಡಬಾರದೆಂಬ ತಮ್ಮ ಧರ್ಮದ ಕಟ್ಟಳೆಗೆ ಇದು ವಿರುದ್ಧವೆಂದು ಅವರು ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅದು ಕಲೆ ಎಂದು ಹೇಳಿ ಅವರ ದಾವೆಯನ್ನು ತಳ್ಳಿಹಾಕಿತು. ತೀರ್ಪು ಕಾನೂನಿನ ಪ್ರಕಾರ ಸರಿಯಿರಬಹುದು. ಆದರೆ ಆ ಮುದುಕರ ಸಂಕಟ ಏನೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ವಿವರಿಸದೆಯೇ ತಿಳಿದೀತು.

ಎದುರು ವಾದವನ್ನು ಹಗುರಾಗಿ ತಳ್ಳುವಂತಿಲ್ಲ. ಕ್ಯಾಮೆರಾ ಕಂಡೊಡನೆ ಜನ ರೇಶನ್ ಕಾರ್ಡಿನ ಫೋಟೊಕ್ಕೆ ನಿಂತವರಂತೆ ಸೆಟೆದುಕೊಳ್ಳುತ್ತಾರೆ. ಎಲ್ಲವನ್ನೂ ಕೇಳಿಯೇ ತೆಗೆದಿದ್ದರೆ ಇಪ್ಪತ್ತನೆಯ ಶತಮಾನದ ಜನಸಾಮಾನ್ಯರು ಹೇಗೆ ನಕ್ಕರು, ಹೇಗೆ ದಣಿದರು ಎಂಬುದಕ್ಕೆ ದಾಖಲೆಯೇ ಇರುತ್ತಿರಲಿಲ್ಲ. ರಾಜರ ಚಿತ್ರ, ಮದುವೆಯ ಚಿತ್ರ ಮಾತ್ರ ಉಳಿಯುತ್ತಿದ್ದವು. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳಲ್ಲಿ ಸಾಮಾನ್ಯರಿಗೆ ಸಿಕ್ಕ ಘನತೆ ದೊಡ್ಡದು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆಡುವ ಮಗುವಿನಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಆಮೇಲೆ ಆಡು ಎನ್ನಲು ಸಾಧ್ಯವೇ? ಕಾರ್ಟಿಯೆ-ಬ್ರೆಸೋನ್ 1948ರಲ್ಲಿ ಶ್ರೀನಗರದ ಹರಿಪರ್ಬತ್ ಬೆಟ್ಟದ ಮೇಲೆ ತೆಗೆದ ಮುಸ್ಲಿಂ ಮಹಿಳೆಯರ ಚಿತ್ರವನ್ನು ನೋಡಿದವರು ಮರೆಯಲಾರರು. ಅವರು ನಮಗೆ ಬೆನ್ನು ಮಾಡಿ ಕಣಿವೆಯ ಕಡೆ ಮುಖ ಮಾಡಿದ್ದಾರೆ, ಒಬ್ಬಾಕೆಯ ಕೈಗಳು ಪ್ರಾರ್ಥನೆಯಲ್ಲಿ ಚಾಚಿವೆ. ಮುಸ್ಲಿಂ ಹೆಂಗಸೆಂದರೆ ಪರ್ದಾದೊಳಗಿನ ಕಣ್ಣುಗಳೆಂದು ನಂಬಿ ಹತ್ತಿರದ ಲೆನ್ಸ್ ಹುಡುಕುವವರು ಈ ಬೆನ್ನುಗಳನ್ನು ಒಮ್ಮೆ ನೋಡಬೇಕು.

ಅಂದರೆ ಅರಿವಿಗೆ ಬಾರದಂತೆ ತೆಗೆದ ಚಿತ್ರವೆಲ್ಲ ಅಪರಾಧವಲ್ಲ. ಆದರೆ ಅರಿವಿಗೆ ಬಾರದಂತಿರುವ ಸೌಕರ್ಯ ಎಲ್ಲರಿಗೂ ಸಮಾನವಾಗಿ ಸಿಕ್ಕಿದೆಯೇ ಎಂದು ಕೇಳಬೇಕು. ಪಶ್ಚಿಮದ ಕೈಪಿಡಿಗಳು ಕೇಳದ ಪ್ರಶ್ನೆ ಇದು. ಯಾರ ಕಣ್ಣಿಗೂ ಬೀಳದ ಸಾದಾ ಚೀಲ ಹಾಕಿಕೊಂಡು ಜನರ ನಡುವೆ ಬೆರೆತುಬಿಡಿ ಎನ್ನುತ್ತವೆ ಅವು. ಗಡ್ಡ ಬಿಟ್ಟವನು, ಟೋಪಿ ಹಾಕಿದವನು ಆ ಸಾದಾ ಚೀಲ ಹಾಕಿಕೊಂಡರೆ ಬೆರೆಯುತ್ತಾನೆಯೇ? ಬೆಂಗಳೂರಿನಲ್ಲಿ 2008ರ ಜುಲೈ 25ರಂದು ಸರಣಿ ಸ್ಫೋಟಗಳಾದವು. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟಿಸಿದ ಬಾಂಬನ್ನು ಚೀಲದಲ್ಲೇ ತಂದಿಡಲಾಗಿತ್ತು. ಅಂಥ ಕೃತ್ಯ ಮಾಡಿದವರು ಗಾಯಗೊಳಿಸಿದ್ದು ಅಲ್ಲಿದ್ದವರನ್ನಷ್ಟೇ ಅಲ್ಲ. ಹೆಗಲಿಗೆ ಚೀಲ ಹಾಕಿ ನಡೆಯುವ ಪ್ರತಿಯೊಬ್ಬ ಮುಸ್ಲಿಂ ಹುಡುಗನ ನೆಮ್ಮದಿಯನ್ನೂ ಅವರು ಕಸಿದರು. ವಾರಸುದಾರರಿಲ್ಲದ ಚೀಲ ಕಂಡರೆ ತಿಳಿಸಿ ಎಂಬ ಪ್ರಕಟಣೆ ನಿಲ್ದಾಣದಲ್ಲಿ ಕೇಳಿಬಂದಾಗ ವಾರಸುದಾರನಿರುವ ಚೀಲದ ಮೇಲೂ ಕಣ್ಣುಗಳು ಬೀಳುತ್ತವೆ. ಒಂದು ಊರಿನ ನಿಲ್ದಾಣದಲ್ಲಿ ನಮ್ಮನ್ನು ನಿಲ್ಲಿಸಿ ಕೇಳಿದ್ದು 'ಏನ್ರೀ ಅದು?' ಎಂದಲ್ಲ, 'ಹೆಸರೇನು?' ಎಂದು. ಹೆಸರು ಹೇಳಿದ ಮೇಲೆ ಚೀಲ ಬಿಚ್ಚಿಸಿದರು. ಹೀಗಾಗಿ ಮರೆಮಾಚುವ ಚೀಲವನ್ನು ಹೊರಲು ಎಂಥ ಹೆಸರು ಬೇಕು ಎಂಬುದು ನಮಗೆ ಗೊತ್ತಿದೆ. ಬೇಕಾಗಿಯೋ ಬೇಡವಾಗಿಯೋ ನಮ್ಮಲ್ಲಿ ಹಲವರು ಎದ್ದು ಕಾಣುವ ಕ್ಯಾಮೆರಾ ಚೀಲವನ್ನೇ ಕೊಳ್ಳುತ್ತಾರೆ. ಕಂಪನಿಯ ಹೆಸರು ದೊಡ್ಡದಾಗಿದ್ದಷ್ಟೂ ಒಳ್ಳೆಯದು.

ಇದು ಅನುಮಾನ ಹೇರಿದ ಪಾರದರ್ಶಕತೆ. ಇದನ್ನು ಸದ್ಗುಣವೆಂದು ಹೊಗಳಲು ನಾವು ಸಿದ್ಧರಿಲ್ಲ. ಆದರೆ ತಪಾಸಣೆಗೆ ಒಳಗಾದವರಿಗೆ ಒಂದು ಸಂಗತಿ ಇತರರಿಗಿಂತ ಬೇಗ ಹೊಳೆಯಬೇಕು. ಕೇಳದೆ ನೋಡಿಸಿಕೊಳ್ಳುವುದು ಹೇಗಿರುತ್ತದೆ ಎಂಬುದು. ಬಿಚ್ಚಿದ ಚೀಲದ ಮುಂದೆ ನಿಂತವನಿಗೆ ಆದ ಇರಿಸುಮುರಿಸು, ಚಹಾದಂಗಡಿಯ ಬಾಕಿನಲ್ಲಿ ತನ್ನತ್ತ ತಿರುಗಿದ ಲೆನ್ಸ್ ಕಂಡವನಿಗೂ ಆಗುತ್ತದೆ. ಹೆದ್ದಾರಿ ಅಗಲ ಮಾಡಲು ಜಮೀನು ಹೋದ ಊರುಗಳಲ್ಲಿ ಕ್ಯಾಮೆರಾ ಕಂಡರೆ ಜನ ಕೇಳುವುದು 'ಸರ್ವೇಕ ಬಂದೀರೇನ್ರಿ ಸಾಹೇಬ್ರ?' ಎಂದು. ಅವರಿಗೆ ಕ್ಯಾಮೆರಾ ಎಂದರೆ ಹೊಲ ಹೋಗುವ ಮುನ್ಸೂಚನೆ. ಅದಕ್ಕೆ ಉತ್ತರ ಕೊಡದೆ ಚೀಲದೊಳಗೆ ಕ್ಯಾಮೆರಾ ಇಳಿಸಿ ನಡೆದುಬಿಡುವುದು ಕಲೆಯ ಹೆಸರಿನ ಉದ್ಧಟತನ.

ಚಿತ್ರ ತೆಗೆಸಿಕೊಂಡವರು ತೆರುವ ಬೆಲೆ ಏನೆಂಬುದಕ್ಕೆ ನಮ್ಮ ಕಾಲದಲ್ಲಿ ಎರಡು ಮುಖಗಳಿವೆ. 1984ರಲ್ಲಿ ಪಾಕಿಸ್ತಾನದ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್ಕರಿ ತೆಗೆದ ಹಸಿರು ಕಣ್ಣಿನ ಅಫ್ಘಾನ್ ಬಾಲಕಿಯ ಚಿತ್ರ ಮುಂದಿನ ವರ್ಷ ನ್ಯಾಷನಲ್ ಜಿಯಾಗ್ರಫಿಕ್‌ನ ಮುಖಪುಟವಾಯಿತು. ಜಗತ್ತೆಲ್ಲ ಆ ಕಣ್ಣುಗಳನ್ನು ಬಲ್ಲದು. ಆದರೆ ಆಕೆಯ ಹೆಸರು ಶರ್ಬತ್ ಗುಲಾ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ. ಅದೇ 2002ರಲ್ಲಿ ಅಹಮದಾಬಾದಿನ ದರ್ಜಿ ಕುತುಬುದ್ದೀನ್ ಅನ್ಸಾರಿ ಮಹಡಿಯ ಮೇಲಿಂದ ರಕ್ಷಣಾ ಪಡೆಯವರಿಗೆ ಕೈಮುಗಿದು ಜೀವ ಬೇಡಿದ ಗಳಿಗೆಯನ್ನು ರಾಯಿಟರ್ಸ್‌ನ ಆರ್ಕೊ ದತ್ತಾ ಚಿತ್ರಿಸಿದರು. ಆ ಚಿತ್ರವಿಲ್ಲದಿದ್ದರೆ ಗುಜರಾತಿನಲ್ಲಿ ಏನಾಯಿತೆಂಬುದಕ್ಕೆ ಒಂದು ದೊಡ್ಡ ಸಾಕ್ಷಿ ಇಲ್ಲವಾಗುತ್ತಿತ್ತು. ಅದು ತೆಗೆಯಲೇಬೇಕಾದ ಚಿತ್ರ. ಆದರೆ ಆ ಮನುಷ್ಯ ಆಮೇಲೆ ಹೋದಲ್ಲೆಲ್ಲ ಆ ಮುಖ ಅವರ ಹಿಂದೆ ಹೋಯಿತು. ಕೆಲಸ ಕೈತಪ್ಪಿತು, ಊರು ಬಿಟ್ಟು ಕೋಲ್ಕತ್ತಕ್ಕೆ ಹೋಗಬೇಕಾಯಿತು, ಮತ್ತೆ ಮರಳಬೇಕಾಯಿತು. ತಮ್ಮ ಕಣ್ಣೀರನ್ನು ರಾಜಕೀಯ ಪಕ್ಷಗಳು ಪ್ರಚಾರಕ್ಕೆ ಬಳಸುವುದನ್ನು ಅವರು ಬಹಿರಂಗವಾಗಿ ವಿರೋಧಿಸಿದರು. ಇಲ್ಲಿ ಕ್ಯಾಮೆರಾ ಅಡಗಿರಲಿಲ್ಲ, ಕೇಳಲು ಸಮಯವೂ ಇರಲಿಲ್ಲ. ಹಾಗಾಗಿ ಚೀಲ ಬದಲಿಸಿದರೆ ಎಲ್ಲ ಸರಿಹೋಗುತ್ತದೆಂದು ನಾವು ಹೇಳುತ್ತಿಲ್ಲ. ತೆಗೆದ ಚಿತ್ರ ತೆಗೆದವರ ಸ್ವತ್ತಲ್ಲ, ಅವರ ಬಳಿಯಿರುವ ಅಮಾನತ್ ಎಂಬ ಭಾವನೆ ಬೇಕು. ಅಮಾನತ್ತನ್ನು ಒಡೆಯ ಕೇಳಿದಾಗ ಉತ್ತರ ಕೊಡಬೇಕಾಗುತ್ತದೆ.

ಈಚಿನ ವರ್ಷಗಳಲ್ಲಿ ಅದನ್ನು ಕೇಳುವವರೇ ಇಲ್ಲವಾಗಿದ್ದಾರೆ. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಮುಸ್ಲಿಂ ಮಹಿಳೆಯರ ಫೋಟೊಗಳನ್ನು ಅವರಿಗೆ ತಿಳಿಯದೆ ಎತ್ತಿಕೊಂಡು ಅಂತರ್ಜಾಲದಲ್ಲಿ 'ಹರಾಜಿ'ಗಿಟ್ಟರು. 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಯೊಂದರ ಗೇಟಿನ ಮುಂದೆ ವಿದ್ಯಾರ್ಥಿನಿಯರೂ ಶಿಕ್ಷಕಿಯರೂ ಬುರ್ಖಾ ಕಳಚಬೇಕಾಗಿ ಬಂದದ್ದನ್ನು ಕ್ಯಾಮೆರಾಗಳು ದೇಶಕ್ಕೆಲ್ಲ ತೋರಿಸಿದವು. ಆ ಕ್ಯಾಮೆರಾಗಳು ಚೀಲದಲ್ಲಿರಲಿಲ್ಲ, ಹೆಗಲ ಮೇಲೇ ಇದ್ದವು. ಬಹಿರಂಗವಾಗಿದ್ದರೆ ಸಾಕು ಎಂಬ ವಾದವೂ ಅಲ್ಲಿಗೆ ಕುಸಿಯುತ್ತದೆ.

ಹಾಗಾದರೆ ಕ್ಯಾಮೆರಾ ಬೀದಿಗೆ ಬರುವ ಬೇರೆ ರೀತಿ ಇದೆಯೇ? ಇದೆ, ದೂರ ಹುಡುಕಬೇಕಿಲ್ಲ. ಕಣಗಲಾದಿಂದ ಘಾಟಿ ಇಳಿದರೆ ನಿಪ್ಪಾಣಿ. ಅಲ್ಲಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದಾಗ ಯುಗಾಂತರ್ ಎಂಬ ಮಹಿಳಾ ಚಿತ್ರತಂಡ ಅಲ್ಲಿಗೆ ಬಂತು. ದೀಪಾ ಧನರಾಜ್ ಮುಂತಾದವರು ಸೇರಿ ಮಾಡಿದ ಆ ಸಾಕ್ಷ್ಯಚಿತ್ರ 'ತಂಬಾಕು ಚಾಕಿಲ ಊಬ್ ಆಲಿ' 1982ರಲ್ಲಿ ಬಂತು. ಛಾಯಾಗ್ರಹಣ ನವರೋಜ್ ಕಾಂಟ್ರಾಕ್ಟರ್ ಅವರದು. ತಂಡದವರು ಆ ಕಾರ್ಮಿಕರ ಜೊತೆ ಕೂತು, ಅವರ ಮಾತು ಕೇಳಿ, ಏನನ್ನು ತೋರಿಸಬೇಕೆಂಬುದನ್ನು ಅವರೊಡನೆಯೇ ಚರ್ಚಿಸಿ ಚಿತ್ರ ಕಟ್ಟಿದರು. ಹೀಗೆ ತೆಗೆದರೆ ಸಹಜತೆ ಹೋಗುತ್ತದೆಂಬ ಅಂಜಿಕೆಗೆ ಆ ಚಿತ್ರವೇ ಉತ್ತರ. ಪರಿಚಯವಾದ ಮೇಲೂ ಜನ ಸಹಜವಾಗಿರುತ್ತಾರೆ. ಅದಕ್ಕೆ ಬೇಕಾದ ಸಮಯವನ್ನು ಕೊಡಲು ನಮಗೆ ಮನಸ್ಸಿರುವುದಿಲ್ಲ, ಅಷ್ಟೆ.

ನಮ್ಮ ಸೀಮೆಯಲ್ಲಿ ಅಪರಿಚಿತರ ಬಾಗಿಲಿಗೆ ಚೀಲ ಹೊತ್ತು ಹೋಗುವವರ ಹಳೆಯ ಸಂಪ್ರದಾಯವೊಂದಿದೆ. ಜಂಗಮರ ಜೋಳಿಗೆ, ಫಕೀರರ ಝೋಲಿ. ಹೆಸರೂ ಹೆಚ್ಚುಕಡಿಮೆ ಒಂದೇ. ಎರಡೂ ಕಾಣುವಂತೆ ತೂಗುತ್ತವೆ, ಬಾಯಿ ತೆರೆದಿರುತ್ತವೆ. ಜಂಗಮ ಬರುವುದಕ್ಕೆ ಮುಂಚೆ ಗಂಟೆಯ ಸದ್ದು ಬರುತ್ತದೆ. ಫಕೀರ ಬರುವುದಕ್ಕೆ ಮುಂಚೆ ಲೋಬಾನದ ಹೊಗೆಯೂ ದುವಾದ ದನಿಯೂ ಬರುತ್ತವೆ. ಒಳಗಿದ್ದವರಿಗೆ ಕೊಡಬೇಕೋ ಮುಂದೆ ಹೋಗಿ ಎನ್ನಬೇಕೋ ತೀರ್ಮಾನಿಸಲು ಅವಕಾಶವಿರುತ್ತದೆ. ಮುಂದೆ ಹೋಗಿ ಎಂದರೆ ಮುನಿಸಿಲ್ಲದೆ ಮುಂದೆ ಹೋಗುತ್ತಾರೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಇದೇ ಜೋಳಿಗೆ ಹಿಡಿದು ಜನರಿಂದ ಅವರ ಕುಡಿತ, ಬೀಡಿಗಳಂಥ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಜೋಳಿಗೆಯಲ್ಲಿ ಬೀಳುವುದು ಕೊಟ್ಟದ್ದು ಮಾತ್ರ, ಸೆರೆಹಿಡಿದದ್ದಲ್ಲ. ಕ್ಯಾಮೆರಾ ಚೀಲದ ಮಾದರಿಯನ್ನು ಮೀನುಗಾರರ ಬುಟ್ಟಿಯಲ್ಲಿ ಹುಡುಕುವ ಬದಲು ಇಲ್ಲಿ ಹುಡುಕಬಾರದೇಕೆ?

ನಾವು ಈಗ ಬಳಸುವುದು ದರ್ಜಿಯೊಬ್ಬರಿಂದ ಹೊಲಿಸಿದ ಖಾಕಿ ಕ್ಯಾನ್ವಾಸಿನ ಬಗಲಚೀಲ. ಕಳ್ಳರಿಗೆ ಆಮಿಷವಾಗದಷ್ಟು ಸಾದಾ. ಆದರೆ ಊರೊಳಗೆ ಕಾಲಿಡುವಾಗ ಕ್ಯಾಮೆರಾ ಅದರಲ್ಲಿರುವುದಿಲ್ಲ, ಎದೆಯ ಮೇಲೆ ತೂಗುತ್ತಿರುತ್ತದೆ. ಬಸ್ಸಿನಲ್ಲಿ, ಮಳೆಯಲ್ಲಿ, ಯಾರಾದರೂ ಬೇಡ ಎಂದಾಗ ಮಾತ್ರ ಅದು ಚೀಲ ಸೇರುತ್ತದೆ. ಬೇಡ ಎಂದವರ ಕಣ್ಣೆದುರೇ ಮುಚ್ಚಳ ಹಾಕುವುದು ಒಂದು ಉತ್ತರವಾಗುತ್ತದೆ. ಹಿಂಬದಿಗೆ ಅಂಚೆ ಕಾರ್ಡಿನ ಅಳತೆಯ ಜೇಬೊಂದನ್ನು ಹೊಲಿಸಿದ್ದೇವೆ. ಹಿಂದಿನ ಸಲ ತೆಗೆದ ಚಿತ್ರಗಳನ್ನು ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ ಅದರಲ್ಲಿಟ್ಟುಕೊಂಡು ಹೋಗುತ್ತೇವೆ, ಯಾರ ಮುಖವೋ ಅವರಿಗೆ ಕೊಡಲು. ಕೆಲವರು ಸಿಗುತ್ತಾರೆ. ಕಬ್ಬಿನ ಗ್ಯಾಂಗಿನವರು ಹಂಗಾಮು ಮುಗಿಸಿ ಹೋಗಿರುತ್ತಾರೆ. ಹಾಗೆ ಕೊಡಲಾಗದೆ ಉಳಿದವು ಜೇಬಿನಲ್ಲಿ ಸೇರುತ್ತಾ ಹೋಗಿವೆ. ಅವುಗಳನ್ನು ಎಲ್ಲಿಯಾದರೂ ಪ್ರಕಟಿಸಬಹುದೇ ಎಂಬ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲ. ಇವಾನ್ಸ್‌ನಂತೆ ಇಪ್ಪತ್ತೈದು ವರ್ಷ ಇಡೋಣ ಎನ್ನುವವರಿದ್ದಾರೆ. ಅಷ್ಟು ವರ್ಷ ಕಾದರೆ ಒಪ್ಪಿಗೆ ಬಂದಂತಾಗುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಅಷ್ಟರಲ್ಲಿ ಕಣಗಲಾದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಹುಡುಗರೆಲ್ಲರ ಕೈಯಲ್ಲಿ ಚೀಲವೇ ಬೇಡದ ಕ್ಯಾಮೆರಾ ಬಂದಿದೆ. ಅವರು ಮೊಬೈಲ್ ಎತ್ತಿದಾಗ ಓದುತ್ತಿದ್ದಾರೋ ತೆಗೆಯುತ್ತಿದ್ದಾರೋ ಎದುರಿಗೆ ನಿಂತವರಿಗೆ ತಿಳಿಯುವುದಿಲ್ಲ.